ದಿನಾ ಬೆಳಗ್ಗೆ ಕಾಯಿ ತುರಿಯೋದಕ್ಕೆ ಏನು ಉಪಾಯ ಮಾಡಿದ್ದೀರಿ?

ಬೆಳಗಿನ ಬಸ್ಸು: ಎಂಟಕ್ಕೆ ಮನೆ ಬಿಡಬೇಕು. ಚಟ್ನಿ, ಪಲ್ಯ ಎಲ್ಲಕ್ಕೂ ಕಾಯಿ. ಮಂಡಿ ನೋವಿದೆ, ಮಣೆ ಮೇಲೆ ಕೂರೋಕಾಗಲ್ಲ. ಫ್ರಿಡ್ಜ್ ತುಂಬಾ ಚಿಕ್ಕದು. ಅನುಭವ ಇದ್ದವರು ಹೇಳಿ.

ತಿಪಟೂರಿನವಳು: ಕಾಯಿ ಒಡೆದು ಹೋಳುಗಳನ್ನು ರಾತ್ರಿ ಫ್ರೀಜರ್‌ಗೆ ಹಾಕಿ. ಬೆಳಗ್ಗೆ ಸ್ವಲ್ಪ ಹೊತ್ತು ಹೊರಗಿಟ್ಟು, ಚಿಪ್ಪಿನ ಅಂಚಿಗೆ ಚಾಕು ತೂರಿಸಿ ಅಲ್ಲಾಡಿಸಿ. ಕಾಯಿ ಬಟ್ಟಲಿನಂತೆ ಕಳಚಿ ಬರುತ್ತದೆ. ಚೂರು ಮಾಡಿ ಮಿಕ್ಸಿಗೆ ಹಾಕಿ, ಗುಂಡಿಯನ್ನು ಎಡಕ್ಕೆ ತಿರುಗಿಸಿ, ಬಿಡಿ, ಮತ್ತೆ ತಿರುಗಿಸಿ. ಒಂದೇ ಸಮ ಓಡಿಸಿದರೆ ಮುದ್ದೆಯಾಗುತ್ತದೆ. ನಮ್ಮತ್ತೆ ಇದಕ್ಕೆ ಮೂಗು ಮುರಿದರು. ಈಗ ಅವರೇ ಹೋಳು ಒಳಗಿಡುತ್ತಾರೆ.

ಒಗ್ಗರಣೆ ಸದ್ದು: ಫ್ರೀಜರ್ ನಂಬುವವರಿಗೆ ದೊಡ್ಡ ನಮಸ್ಕಾರ. ಯುಗಾದಿಗೆ ಅಂತ ಹನ್ನೆರಡು ಕಾಯಿ ತುರಿಸಿ ಇಟ್ಟಿದ್ದೆ. ಒಂದಕ್ಕೆ 55 ರೂಪಾಯಿ, ಒಟ್ಟು 660. ತುರಿದುಕೊಟ್ಟವಳಿಗೆ 100. ಊರಿಗೆ ಹೋಗಿದ್ದಾಗ ಕರೆಂಟು ಹೋಗಿದೆ, ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ. ನೋಡಿದರೆ ಗೊತ್ತೇ ಆಗಲ್ಲ. ಬೆಲ್ಲ ಹಾಕಿ ಹೂರಣ ಕಾಯಿಸಿದಾಗ ಕಮಟು ವಾಸನೆ ಬಂತು. ಬೆಲ್ಲ, ಏಲಕ್ಕಿ, ಗ್ಯಾಸು ಎಲ್ಲ ದಂಡ. ಆಮೇಲೆ ಕೈಯಲ್ಲಿ ತಿರುಗಿಸೋ ಮೆಷಿನ್ನು ತಂದೆ, 1,150 ರೂಪಾಯಿ. ಅಡುಗೆ ಕಟ್ಟೆಯ ಕಡಪ ಕಲ್ಲಿನ ಮೇಲೆ ಅದರ ಅಡಿಯ ರಬ್ಬರು ಕಚ್ಚಿಕೊಳ್ಳೋದಿಲ್ಲ. ಹಿಟ್ಟು ಕಲಸೋ ಸ್ಟೀಲ್ ತಟ್ಟೆ ಬೋರಲು ಹಾಕಿ ಅದರ ಮೇಲೆ ಕೂರಿಸಿ, ಒಂದು ಕೈಯಲ್ಲಿ ಒತ್ತಿ ಹಿಡಿಯಬೇಕು. ಆದರೂ ಅದೇ ವಾಸಿ.

ಕಡಲ ತಡಿ: ಮಿಕ್ಸಿಯಲ್ಲಿ ಬರೋದು ತುರಿ ಅಲ್ಲ ಮಾರಾಯ್ರೆ, ಚೂರು. ಕರಿ ಸಿಪ್ಪೆಯೂ ಸೇರಿ ಚಟ್ನಿ ಕಂದಾಗುತ್ತದೆ. ಹೆರೆಮಣೆಯಲ್ಲಿ ಹೆರೆದದ್ದನ್ನು ಕೋಸಂಬರಿಗೆ ಉದುರಿಸಿ ನೋಡಿ, ಆಮೇಲೆ ಮಾತಾಡಿ. ಐದು ನಿಮಿಷದ ಕೆಲಸಕ್ಕೆ ಎಷ್ಟು ಪುರಾಣ!

ತಿಪಟೂರಿನವಳು: ಸಿಪ್ಪೆ ಹೆರೆಯೋ ಪೀಲರ್ ಅಂತ ಒಂದಿದೆ, ಗೊತ್ತಾ? ಮತ್ತೆ ನಿಮ್ಮ ಮನೆಯಲ್ಲಿ ಆ ಐದು ನಿಮಿಷ ಯಾರು ಮಣೆ ಮೇಲೆ ಕೂರುತ್ತಾರೆ? ನೀವೋ, ನಿಮ್ಮ ಹೆಂಡತಿಯೋ?

ಕಡಲ ತಡಿ: ನಾನೇ ಹೆರೆಯುತ್ತೇನೆ. ಬೆರಳಲ್ಲಿ ಗಾಯದ ಗುರುತಿದೆ, ಫೋಟೋ ಹಾಕಲಾ?

ಬೆಳಗಿನ ಬಸ್ಸು: ಫ್ರಿಡ್ಜ್ ಚಿಕ್ಕದು ಅಂದಿದ್ದೆ...

ಕಾವೇರಿ ಕಡೆಯವ: ನಾನು ಟಿಲ್ಟಿಂಗ್ ಗ್ರೈಂಡರ್, ಅಂದರೆ ಬಗ್ಗಿಸಿ ಹಿಟ್ಟು ಸುರಿಯೋ ರುಬ್ಬೋ ಮೆಷಿನ್ನು, ತಗೊಂಡೆ. ಜೊತೆಗೆ ಕಾಯಿ ತುರಿಯೋ ಬ್ಲೇಡು ಕೊಡುತ್ತಾರೆ. ಕಲ್ಲು ತೆಗೆದು ಅದನ್ನು ಸಿಕ್ಕಿಸಿ ಹೋಳು ಹಿಡಿದರೆ ಸರಸರ ಬರುತ್ತದೆ. ತೊಳೆಯೋದು ಮಾತ್ರ ತುರಿಯೋದಕ್ಕಿಂತ ಜಾಸ್ತಿ ಹೊತ್ತು. ಅರ್ಧ ಕಾಯಿ ಉಳಿಸೋದಾದರೆ ಕಣ್ಣಿರೋ ಹೋಳನ್ನು ಮೊದಲು ಬಳಸಿ, ಅದು ಬೇಗ ಕೆಡುತ್ತದೆ. ಅಂದಹಾಗೆ ಪಲ್ಯಕ್ಕೆ ದಿನಾ ಕಾಯಿ ಯಾಕೆ? ನಾವು ಹುರಿಗಡಲೆ ಪುಡಿ ಉದುರಿಸುತ್ತೇವೆ.

ಕಡಲ ತಡಿ: ಕಾಯಿ ಇಲ್ಲದ ಪಲ್ಯ ಆಸ್ಪತ್ರೆ ಊಟ.

ಕಾವೇರಿ ಕಡೆಯವ: ನೀವು ಸಾರಿಗೂ ಕಾಯಿ ರುಬ್ಬಿ ಹಾಕೋರು. ಅದು ಸಾರಾ, ಪಾಯಸಾನಾ?

ಒಗ್ಗರಣೆ ಸದ್ದು: ಸಾರಿಗೆ ಬೆಲ್ಲ ಹಾಕೋರು ಪಾಯಸದ ಮಾತು ಆಡಬಾರದು.

ಕಾವೇರಿ ಕಡೆಯವ: ಚೂರು ಬೆಲ್ಲ ಬೀಳದಿದ್ದರೆ ಹುಣಸೆಹುಳಿ ಹಲ್ಲು ಚುಳ್ ಅನ್ನಿಸುತ್ತದೆ ಮೇಡಂ. ನಿಮ್ಮ ಸಾರಿನ ಪುಡಿಗೆ ಏನೇನು ಹುರಿಯುತ್ತೀರಿ, ಅಳತೆ ಸಮೇತ ಹೇಳಿ ನೋಡೋಣ.