ಹಳೇ ಕಿರುಚಿತ್ರಕ್ಕೆ ಪ್ರೀಕ್ವೆಲ್: ತುಕ್ಕು ಹಿಡಿದ ನೌಕೆಯನ್ನು ಹೊಸದಾಗಿ ತೋರಿಸೋದು ಹೇಗೆ?

ತೋಟದಂಚು:
ಸೋಮವಾರಪೇಟೆ ಹತ್ತಿರ ನಮ್ಮ ತಂಡ ತೆಗೆದ ಸೈಫೈ ಕಿರುಚಿತ್ರಕ್ಕೆ ಪ್ರೀಕ್ವೆಲ್ ಮಾಡ್ತಿದ್ದೇವೆ. ಮೊದಲನೆಯದರಲ್ಲಿ, ಪಾಳುಬಿದ್ದ ಕಾಫಿ ತೋಟದೊಳಗೆ ಹತ್ತು ವರ್ಷದಿಂದ ಬಿದ್ದಿರೋ ತುಕ್ಕು ಹಿಡಿದ ನೌಕೆ ಸಿಗುತ್ತೆ. ಇದರಲ್ಲಿ ಅದು ಬಿದ್ದ ದಿನದ ಕಥೆ. ಪ್ಲೈವುಡ್, ಥರ್ಮಾಕೋಲಿನ ಆ ನೌಕೆ ಇನ್ನೂ ಶೆಡ್ಡಿನಲ್ಲಿದೆ. ಅದಕ್ಕೇ ಬಣ್ಣ ಹೊಡೆಯೋದಾ, ಬೇರೆ ಕಟ್ಟೋದಾ? ಒಳಗಿನ ಕಂಟ್ರೋಲ್ ಗುಂಡಿಗಳನ್ನು ತೆಗೆದು ಟ್ಯಾಬ್ ಕೂರಿಸಬಹುದಾ? ಮಂಜು ಬೇಕು ಅಂತ ಜುಲೈನಲ್ಲಿ ಶೂಟಿಂಗ್ ಅಂದ್ಕೊಂಡಿದ್ದೇವೆ.

ಚೌಕಟ್ಟು:
ಟ್ಯಾಬ್ ಬೇಡ. ಮೊದಲು ಹಳೇ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಕಾಣೋ ಗುರುತನ್ನೆಲ್ಲ ಬರೆದುಕೊಳ್ಳಿ: ಯಾವ ಮಗ್ಗುಲು ನೆಗ್ಗಿದೆ, ಬಾಗಿಲು ಎಷ್ಟು ತೆರೆದಿದೆ, ಯಾವ ವೈರು ಜೋತಿದೆ. ಒಂದೊಂದು ಗುರುತಿಗೂ ಹೊಸ ಚಿತ್ರದಲ್ಲಿ ಕಾರಣ ಸಿಗಬೇಕು. 1982ರ ‘ದಿ ಥಿಂಗ್’ನಲ್ಲಿ ಸುಟ್ಟುಹೋದ ನಾರ್ವೆ ಶಿಬಿರದ ಬಾಗಿಲಲ್ಲಿ ಕೊಡಲಿ ಸಿಕ್ಕಿಕೊಂಡಿದೆ. 2011ರ ಪ್ರೀಕ್ವೆಲ್ ಆ ಕೊಡಲಿ ಅಲ್ಲಿಗೆ ಹೇಗೆ ಬಂತು ಅಂತ ತೋರಿಸುತ್ತೆ.

ಗುಂಡಿಗಳ ವಿಷಯಕ್ಕೆ 2016ರ ‘ರೋಗ್ ಒನ್’ ನೋಡಿ. 1977ರ ಮೊದಲ ‘ಸ್ಟಾರ್ ವಾರ್ಸ್’ ಚಿತ್ರದ ಪರದೆ, ಗುಂಡಿಗಳ ಕಾಲಕ್ಕೇ ಅಂಟಿಕೊಂಡಿದೆ, ಆಗ ಬಳಸದೆ ಉಳಿದಿದ್ದ ಪೈಲಟ್‌ಗಳ ತುಣುಕುಗಳನ್ನೂ ಸೇರಿಸಿದ್ದಾರೆ. 2012ರ ‘ಪ್ರೊಮಿಥಿಯಸ್’ನಲ್ಲಿ ಕಥೆ ಹಿಂದಿನದು, ಪರದೆಗಳು ಮಾತ್ರ 1979ರ ‘ಏಲಿಯನ್’ಗಿಂತ ಮುಂದಿನವು. ಅಲ್ಲಿ ಒಂದು ಶ್ರೀಮಂತರ ಸಂಶೋಧನಾ ನೌಕೆ, ಇನ್ನೊಂದು ಸರಕು ಎಳೆಯೋದು, ಹಾಗಾಗಿ ಸಮರ್ಥನೆ ಉಂಟು. ನಿಮ್ಮದು ಅದೇ ನೌಕೆ.

ಬಡಗಿಶೆಡ್ಡು:
ಹಳೇದನ್ನು ಮುಟ್ಟಬೇಡಿ, ಕೊನೇ ಶಾಟ್‌ಗೆ ಬೇಕಾಗುತ್ತೆ. ಅದರ ಮೇಲೆ ನ್ಯೂಸ್‌ಪೇಪರ್ ಹಾಸಿ, ಕಿಟಕಿ, ಬಾಗಿಲು, ನೆಗ್ಗಿದ ಜಾಗದ ಅಂಚನ್ನು ಪೆನ್ಸಿಲ್‌ನಲ್ಲಿ ತೆಗೆದುಕೊಳ್ಳಿ. ಹೊಸದಕ್ಕೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಮಳೆಗಾಲದ ತೇವಕ್ಕೆ ಅಂಚು ಊದಿಬಿಡುತ್ತೆ. ಮರದ ರೀಪಿನ ಚೌಕಟ್ಟಿಗೆ 5 ಮಿ.ಮೀ. ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಫೋಮ್ ಹಾಳೆ) ಹೊಡೆಯಿರಿ.

ಎಲ್ಲರೂ ಎಡವೋದು ಅಂಟಿನಲ್ಲಿ. ಜುಲೈ ತಂಡಿಗೆ ಬಿಳಿ ಫೆವಿಕಾಲ್ ಬೇಗ ಒಣಗಲ್ಲ. ಹಾಗಂತ ಥರ್ಮಾಕೋಲಿಗೆ ರಬ್ಬರ್ ಅಂಟು ಹಾಕಿದರೆ, ಅದರ ದ್ರಾವಕಕ್ಕೆ ಥರ್ಮಾಕೋಲ್ ಕರಗಿ ಗುಳಿ ಬೀಳುತ್ತೆ. ಸ್ಪ್ರೇ ಬಣ್ಣವೂ ಹಾಗೇ. ಸನ್‌ಬೋರ್ಡಿಗೆ ರಬ್ಬರ್ ಅಂಟು, ಥರ್ಮಾಕೋಲಿಗೆ ಬಿಳಿ ಅಂಟು, ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಒಣಗಿಸಿ. ಆಮೇಲೆ ಫೆವಿಕಾಲ್, ನೀರು ಸಮಪಾಲು ಕಲಸಿ ಪೇಪರ್ ಚೂರುಗಳನ್ನು ಎರಡು ಪದರ ಅಂಟಿಸಿ. ಸಂದಿ ಬಿಟ್ಟರೆ ಸ್ಪ್ರೇ ಅಲ್ಲಿಂದಲೇ ಒಳಗೆ ತಿನ್ನುತ್ತೆ.

ಹೊಳೆಯೋ ಸಿಲ್ವರ್ ಬಣ್ಣ ಮಂಜಿನಲ್ಲಿ ನೀರಿನ ಡ್ರಮ್ಮಿನ ಹಾಗೆ ಕಾಣುತ್ತೆ. ಮ್ಯಾಟ್ ಬೂದು ಹೊಡೆದು, ಅಂಚಿಗೆ ಮಾತ್ರ ಒಣ ಬ್ರಷ್‌ನಲ್ಲಿ ಸಿಲ್ವರ್ ಸವರಿ. ಶುಭ್ರವಾಗಿರೋ ಶಾಟ್‌ಗಳು ಮೊದಲು, ಮಸಿ ಮತ್ತು ನೆಗ್ಗು ಕೊನೆಗೆ. ಒಮ್ಮೆ ನೆಗ್ಗಿಸಿದ ಸನ್‌ಬೋರ್ಡ್ ವಾಪಸ್ ಬರಲ್ಲ.

ಮರಗಸಿ:
ನೌಕೆ ಒಂದೇ ಅಲ್ಲ ಸರ್, ತೋಟವೂ ಹತ್ತು ವರ್ಷ ಹಿಂದೆ ಹೋಗಬೇಕು! ಪಾಳುಬಿದ್ದ ತೋಟದಲ್ಲಿ ಕಾಫಿ ಗಿಡ ತಲೆಗಿಂತ ಎತ್ತರ, ಕೆಳಗೆಲ್ಲ ಲಂಟಾನ. ಆರೈಕೆಯಲ್ಲಿರೋ ತೋಟದಲ್ಲಿ ಗಿಡದ ತಲೆ ಮುರಿದು, ಚಿಗುರು ತೆಗೆದು, ಕಳೆ ಹೊಡೆದಿರ್ತಾರೆ. ಮಳೆಗೆ ಮೊದಲೇ ಮರಗಸಿ (ನೆರಳು ಮರಗಳ ಕೊಂಬೆ ಕಡಿಯೋದು) ಆಗಿರೋದರಿಂದ ಬೆಳಕೂ ಬೇರೆ. ಅಂಥ ತೋಟ ಹುಡುಕಿ. ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿಯನ್ನೂ ಗಮನಿಸಿ. ಹಳೇ ಚಿತ್ರದಲ್ಲಿ ಇಪ್ಪತ್ತು ಅಡಿ ಏರಿದ್ದರೆ, ಇದರಲ್ಲಿ ಸೊಂಟದೆತ್ತರಕ್ಕೆ ಇರೋ ಎಳೇ ಬಳ್ಳಿ ಸಾಕು. ಕೊಡಗಿನವರ ಕಣ್ಣು ಮೊದಲು ಹೋಗೋದೇ ಅಲ್ಲಿಗೆ.

ತೋಟದಂಚು:
ಬಳ್ಳಿ ಯೋಚನೆಗೇ ಬಂದಿರಲಿಲ್ಲ, ತುಂಬಾ ಥ್ಯಾಂಕ್ಸ್. ಜುಲೈ ಸರಿ ತಾನೇ? ನೌಕೆಯೊಳಗೆ ಎಲ್‌ಇಡಿ ಸ್ಟ್ರಿಪ್ ಇದೆ.

ಚೌಕಟ್ಟು:
ಜುಲೈನಲ್ಲಿ ಮಂಜಿಗಿಂತ ಮಳೆಯದೇ ಕಾಟ. ಟಾರ್ಪಾಲಿನ ಮೇಲೆ ಬೀಳೋ ಸದ್ದಿಗೆ ಸಂಭಾಷಣೆ ಎಲ್ಲ ಡಬ್ ಮಾಡಬೇಕಾಗುತ್ತೆ. ಅಕ್ಟೋಬರ್ ಬೆಳಗ್ಗೆ ನೋಡಿ. ಕೊಯ್ಲು ಶುರುವಾದ ಮೇಲೆ ತೋಟ ಖಾಲಿ ಸಿಗಲ್ಲ. ಮಂಜು ನಿಮಿಷ ನಿಮಿಷಕ್ಕೂ ಬದಲಾಗೋದರಿಂದ ವೈಡ್ ಶಾಟ್‌ಗಳನ್ನು ಮೊದಲು ಮುಗಿಸಿ. ಕ್ಲೋಸಪ್‌ಗೆ ಮುಖದ ಹಿಂದಿನ ಎರಡಡಿ ಜಾಗಕ್ಕೆ ಮಾತ್ರ ಹೊಗೆ ಬಿಟ್ಟರೂ ಹೊಂದುತ್ತೆ.

ಸೆಕೆಂಡಿಗೆ 24 ಫ್ರೇಮ್‌ನಲ್ಲಿ ತೆಗೆದರೆ ಕ್ಯಾಮೆರಾದ ಶಟರ್ (ಒಂದೊಂದು ಫ್ರೇಮಿಗೂ ಬೆಳಕು ಬಿಡೋ ಹೊತ್ತು) 172.8 ಡಿಗ್ರಿ, ಅಂದರೆ ಸೆಕೆಂಡಿನ 50ನೇ ಒಂದು ಭಾಗ ಇಡಿ. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಚಿತ್ರದಲ್ಲಿ ಬಲ್ಬುಗಳು ಮಿನುಗಲ್ಲ. ಸ್ಟ್ರಿಪ್‌ಗೆ ಅಗ್ಗದ ಡಿಮ್ಮರ್ ಹಾಕಿದ್ದರೆ ಅದು ಬೇರೆ ವೇಗದಲ್ಲಿ ಮಿನುಗಿ ಪಟ್ಟೆ ಬರಬಹುದು. ಡಿಮ್ಮರ್ ತೆಗೆದು ಸ್ಟ್ರಿಪ್ ಮೇಲೆ ಬಟರ್ ಪೇಪರ್ ಸುತ್ತಿ, ಬೆಳಕು ಇನ್ನೂ ಜಾಸ್ತಿ ಅನ್ನಿಸಿದರೆ ಇನ್ನೊಂದು ಸುತ್ತು.