ಎಲ್‌ಡ್ಯಾಪ್ ಹುಡುಕಾಟ 1000ಕ್ಕೆ ನಿಲ್ತದ, ಲೂಪ್ ಮಾತ್ರ ನಿಲ್ಲವಲ್ದು

ರಾಯಚೂರು_ಕೋಟೆ:
ಕಾಲೇಜಿನ ಆಕ್ಟಿವ್ ಡೈರೆಕ್ಟರಿಯಿಂದ (ಎಲ್ಲಾ ಖಾತೆ ಇಡೋ ಮೈಕ್ರೋಸಾಫ್ಟ್ ಸರ್ವರ್) ಎಲ್‌ಡ್ಯಾಪ್ ಮೂಲಕ, ಅಂದ್ರ ಇಂಥ ಡೈರೆಕ್ಟರಿ ಹುಡುಕೋ ಪ್ರೋಟೋಕಾಲಿಂದ, ವಿದ್ಯಾರ್ಥಿಗಳ ಪಟ್ಟಿ ತೆಗೀಬೇಕಾಗ್ಯದ. ಪಿಎಚ್‌ಪಿ 8.2. ಖಾತೆ ಅವ 2,340, ಎಲ್‌ಡ್ಯಾಪ್_ಕೌಂಟ್_ಎಂಟ್ರೀಸ್ ಮಾತ್ರ 1000 ಅಂತದ. ಮ್ಯಾಲೆ ಲೂಪ್ ಒಳಗ ಒಂದೇ ಹೆಸರು ಮುಗೀಲಾರದಂಗ ಬರ್ತದ:

ವೈಲ್ ($ಇ = ಎಲ್‌ಡ್ಯಾಪ್_ನೆಕ್ಸ್ಟ್_ಎಂಟ್ರಿ($ಡಿಎಸ್, $ಮೊದಲು))

ಗಂಗಾವತಿ_ಸೋನಾ:
ಲೂಪಿನ ತಪ್ಪು ಆ ಸಾಲಿನಾಗ ಐತಿ. ನೆಕ್ಸ್ಟ್_ಎಂಟ್ರಿ ತಾನು ಎಲ್ಲಿಗೆ ಬಂದೀನಿ ಅಂತ ನೆನಪಿಡಂಗಿಲ್ರಿ. ಕೊಟ್ಟ ಎಂಟ್ರಿಯ ಮುಂದಿಂದು ಕೊಡ್ತತಿ, ಅಷ್ಟ. ನೀವು ಪ್ರತಿ ಸಲ $ಮೊದಲು ಕೊಟ್ರ ಪ್ರತಿ ಸಲ ಎರಡನೇದ ಬರ್ತತಿ. ಮೊದಲನೇ ವಿದ್ಯಾರ್ಥಿ ಅಂತೂ ಲೂಪಿಗೆ ಬರಂಗೇ ಇಲ್ಲ. ಹಿಂಗ ಬರೀರಿ:

$ಇ = ಎಲ್‌ಡ್ಯಾಪ್_ಫಸ್ಟ್_ಎಂಟ್ರಿ($ಡಿಎಸ್, $ಫಲ);
ವೈಲ್ ($ಇ) {
… ಕೆಲಸ …
$ಇ = ಎಲ್‌ಡ್ಯಾಪ್_ನೆಕ್ಸ್ಟ್_ಎಂಟ್ರಿ($ಡಿಎಸ್, $ಇ);
}

ಮುಗಿದ ಮ್ಯಾಲೆ ಫಾಲ್ಸ್ ಬರ್ತತಿ, ಲೂಪ್ ನಿಲ್ತತಿ. ನಡುವ "ಕಂಟಿನ್ಯೂ" ಹಾಕಿದ್ರ ಕೊನೇ ಸಾಲು ತಪ್ಪಿ ಮತ್ತ ಅದ ಎಂಟ್ರಿಗೆ ಸಿಗಬೀಳ್ತೀರಿ, ಹುಷಾರು.

ತೋರಣಗಲ್ಲು_ಉಕ್ಕು:
1000 ಅನ್ನೋದು ಸರ್ವರಿನ ಮ್ಯಾಕ್ಸ್‌ಪೇಜ್‌ಸೈಜ್, ಡಿಫಾಲ್ಟ್ ಮಿತಿ. "ಸೈಜ್‌ಲಿಮಿಟ್ ಎಕ್ಸೀಡೆಡ್" ಅಂತ ವಾರ್ನಿಂಗ್ ಬಂದಿರುತ್ತೆ, ಕೋಡ್ 4. ಸಾಲಿನ ಮುಂದೆ @ ಹಾಕಿದ್ರೆ ಅದು ಕಾಣಲ್ಲ, ತೆಗೀರಿ. ಮಿತಿ ಏರಿಸೋಕೆ ಹೋಗಬೇಡಿ, ಪುಟಪುಟವಾಗಿ ತರಿಸಿ. ಪ್ರೋಟೋಕಾಲ್ ಆವೃತ್ತಿ 3 ಇರಲಿ. ಎಲ್‌ಡ್ಯಾಪ್_ಸರ್ಚ್‌ನ ಕೊನೇ ಆರ್ಗ್ಯುಮೆಂಟಿನಲ್ಲಿ ಪೇಜ್ಡ್ ರಿಸಲ್ಟ್ಸ್ ಕಂಟ್ರೋಲ್ ಕೊಡಿ (1.2.840.113556.1.4.319): ಸೈಜ್ 500, ಕುಕಿ (ಎಲ್ಲಿವರೆಗೆ ಬಂದಿದೆ ಅಂತ ಸರ್ವರ್ ಕೊಡೋ ಗುರುತು) ಮೊದಲಿಗೆ ಖಾಲಿ. ಪ್ರತಿ ಪುಟ ಆದಮೇಲೆ ಎಲ್‌ಡ್ಯಾಪ್_ಪಾರ್ಸ್_ರಿಸಲ್ಟ್‌ನಿಂದ ಹೊಸ ಕುಕಿ ತಗೊಂಡು ಅದೇ ಕನೆಕ್ಷನ್‌ನಲ್ಲಿ, ಅದೇ ಫಿಲ್ಟರ್ ಇಟ್ಟು ಮತ್ತೆ ಹುಡುಕಿ. ಕುಕಿ ಖಾಲಿ ಬಂದಾಗ ನಿಲ್ಲಿಸಿ. ನಿಮ್ಮ 2,340ಕ್ಕೆ ಐದು ಸುತ್ತು. ನೆಟ್‌ನಲ್ಲಿ ಸಿಗೋ ಎಲ್‌ಡ್ಯಾಪ್_ಕಂಟ್ರೋಲ್_ಪೇಜ್ಡ್_ರಿಸಲ್ಟ್ ಉದಾಹರಣೆ ನಕಲು ಮಾಡಬೇಡಿ, ಆ ಫಂಕ್ಷನ್ 8.0ರಲ್ಲೇ ಹೋಯ್ತು.

ರಾಯಚೂರು_ಕೋಟೆ:
2,340 ಬಂದ್ವು! ಆದ್ರ ಗೆಟ್_ಎಂಟ್ರೀಸ್ ಬಳಸಿದ ಜಾಗದಾಗ ದೊಡ್ಡಕ್ಷರದ "ಗಿವನ್‌ನೇಮ್" ಕೀ ಸಿಗವಲ್ದು.

ಗಂಗಾವತಿ_ಸೋನಾ:
ಅದು ಕೀ ಎಲ್ಲಾ ಸಣ್ಣಕ್ಷರ ಮಾಡಿ ಕೊಡ್ತತಿ, ಗೆಟ್_ಆಟ್ರಿಬ್ಯೂಟ್ಸ್ ಹಂಗ ಮಾಡಂಗಿಲ್ಲ. ಫೋಟೋ, ಆಬ್ಜೆಕ್ಟ್‌ಜಿಯುಐಡಿ ಬೇಕಂದ್ರ ಗೆಟ್_ವ್ಯಾಲ್ಯೂಸ್_ಲೆನ್ ಬಳಸ್ರಿ, ಅವು ಬೈನರಿ.

ತೋರಣಗಲ್ಲು_ಉಕ್ಕು:
ಮುಂದೆ ಓಪನ್‌ಎಲ್‌ಡ್ಯಾಪ್‌ಗೆ (ಇನ್ನೊಂದು ಎಲ್‌ಡ್ಯಾಪ್ ಸರ್ವರ್, ಓಪನ್ ಸೋರ್ಸ್) ಹೋದ್ರೆ ಒಂದು ಮಾತು: ಅಲ್ಲಿ ಡಿಫಾಲ್ಟ್ ಮಿತಿ 500, ಪುಟ ಮಾಡಿದ್ರೂ ಒಟ್ಟು ಎಣಿಕೆಗೇ ಅನ್ವಯ. ಬೈಂಡ್ (ಲಾಗಿನ್) ಆಗೋ ಖಾತೆಗೆ ಲಿಮಿಟ್ಸ್‌ನಲ್ಲಿ ಸೈಜ್.ಪಿಆರ್‌ಟೋಟಲ್=ಅನ್‌ಲಿಮಿಟೆಡ್ ಹಾಕಿಸಿ.