ಅಪ್‌ಡೇಟ್: ಸ್ಕಾಟಿಷ್ ಕಂಟ್ರಿ ಡಾನ್ಸ್ ಚೀಟಿ ಓದುವುದು ಕೊನೆಗೂ ಬಂತು

ಎಡಿನ್‌ಬರಾದಲ್ಲಿ ನಾನು ಸ್ಕಾಟಿಷ್ ಕಂಟ್ರಿ ಡಾನ್ಸ್ (ಜೋಡಿಗಳು ಸಾಲಾಗಿ ನಿಂತು ಮಾಡುವ ಸ್ಕಾಟ್ಲೆಂಡಿನ ಗುಂಪು ನೃತ್ಯ) ಕಲಿಯುತ್ತಿದ್ದೇನೆ. ಕ್ಲಾಸಿನವರು ಕೊಡುವ ಸೂಚನೆ ಚೀಟಿ ಓದೋದು ಹೇಗೆ ಅಂತ ಕೇಳಿದ್ದೆ ಅಲ್ವಾ? "1-8: 1ನೇ ಜೋಡಿ ಸೆಟ್, ಕಾಸ್ಟ್, ಬಲಗೈ ಟರ್ನ್" ಅನ್ನೋ ಸಾಲಿಗೇ ತಲೆ ಕೆಟ್ಟಿತ್ತು.

ಮೇಜಿನ ಮೇಲೆ ನಾಣ್ಯ ಇಟ್ಟು ಸರಿಸಿ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಕೆಲಸ ಮಾಡಿದ್ದು ಅದೇ. ಗಂಡಸರಿಗೆ ತಾಮ್ರದ ಬಣ್ಣದ ಪೆನ್ನಿ, ಹೆಂಗಸರಿಗೆ ಬಿಳಿ ಐದು ಪೆನ್ಸ್, ನಾಲ್ಕು ಜೋಡಿ ಎದುರುಬದುರು. ಆ 1-8 ಸಂಗೀತದ ಬಾರ್‌ಗಳು, ಅಂದರೆ ತಾಳದ ಲೆಕ್ಕದ ಸಣ್ಣ ಸಣ್ಣ ಭಾಗಗಳು. ಸೆಟ್‌ಗೆ, ಅಂದರೆ ನಿಂತಲ್ಲೇ ಹೆಜ್ಜೆ ಹಾಕೋಕೆ 2, ಕಾಸ್ಟ್‌ಗೆ, ಅಂದರೆ ಸಾಲಿನ ಹಿಂದಿನಿಂದ ಸುತ್ತಿ ಒಂದು ಜಾಗ ಕೆಳಗೆ ಹೋಗೋಕೆ 2, ಬಲಗೈ ಹಿಡಿದು ಸುತ್ತುವ ಟರ್ನ್‌ಗೆ 4. ಪಕ್ಕದಲ್ಲಿ ಹಾಡು ಹಾಕಿಕೊಂಡು ಬಾರ್ ಎಣಿಸುತ್ತಾ ಸರಿಸಿದರೆ ಇನ್ನೂ ಚೆನ್ನ.

ವಿಡಿಯೋ ನೋಡೋ ಸಲಹೆ ನನಗೆ ಆಗಲಿಲ್ಲ. ಕ್ಯಾಮೆರಾ ಎದುರಿಗಿದ್ದರೆ ಎಡ ಬಲ ಅದಲುಬದಲು, ಮೇಲಾಗಿ ಎಲ್ಲರೂ ಒಟ್ಟಿಗೆ ಓಡಾಡುವಾಗ ಯಾರನ್ನು ನೋಡೋದು!

ನಾಣ್ಯ ಸರಿಸುವಾಗಲೇ ಗೊತ್ತಾದ ವಿಷಯ: 1ನೇ ಜೋಡಿ ಕೆಳಗೆ ಬಂದರೆ ಅಲ್ಲಿ ಜಾಗ ಬೇಕು, ಅದಕ್ಕೆ 2ನೇ ಜೋಡಿ 3-4ನೇ ಬಾರ್‌ನಲ್ಲಿ ಮೇಲಕ್ಕೆ ಸರಿಯಬೇಕು. ಎಷ್ಟೋ ಚೀಟಿಗಳಲ್ಲಿ ಇದನ್ನು ಬರೆದೇ ಇರೋದಿಲ್ಲ, ಗೊತ್ತಿರುತ್ತೆ ಅಂತ ಬಿಟ್ಟುಬಿಡ್ತಾರೆ. ಹೊಸಬರಿಗೆ ಕೊಡೋ ಚೀಟಿಯಲ್ಲಾದರೂ ಬರೆಯಬೇಕು ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು, ಚೀಟಿಯ ತಲೆಯಲ್ಲಿರುವ "8x32 ಜೆ" ಅಂದರೆ 32 ಬಾರ್‌ನ ಜಿಗ್ (ಚುರುಕಾದ ಒಂದು ಬಗೆಯ ಕುಣಿತದ ಸಂಗೀತ), ಎಂಟು ಸಲ. ನಾಲ್ಕು ಜೋಡಿಯಲ್ಲಿ ಪ್ರತಿಯೊಂದಕ್ಕೂ ಮೊದಲ ಜೋಡಿಯಾಗಿ ಎರಡೆರಡು ಸರದಿ, ಆಮೇಲೆ ಸಾಲಿನ ಕೊನೆಗೆ. "ಜೆ" ಬದಲು "ಆರ್" ಇದ್ದರೆ ರೀಲ್ ಅನ್ನೋ ಇನ್ನೊಂದು ಚುರುಕಿನ ಬಗೆ, "ಎಸ್" ಇದ್ದರೆ ನಿಧಾನದ ಸ್ಟ್ರಾತ್‌ಸ್ಪೇ.